ಕಾರ್ಬುರೇಟರಿಗೆ ಕಿವಿಗೊಡುವ ಟೈಲರಮ್ಮ

ಬೀದಿದೀಪಗಳು ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರ್‌ನ ಒಳಗೆ, ಮಡಿಸಿದ ಗೋಣಿಚೀಲದ ಮೇಲೆ, ಐವತ್ತಾರು ವರ್ಷದ ಹೆಂಗಸೊಬ್ಬರು ಮಂಡಿಯೂರಿ ಕುಳಿತಿದ್ದಾರೆ. ಎದುರಿಗೆ ಅವರಿಗಿಂತ ಹತ್ತೇ ವರ್ಷ ಚಿಕ್ಕದಾದ, ಎರಡು ಸಿಲಿಂಡರಿನ ಮೋಟಾರ್‌ಸೈಕಲ್ಲು ಸ್ಟ್ಯಾಂಡಿನ ಮೇಲೆ ನಿಂತು ಗುಡುಗುಡು ಅನ್ನುತ್ತಿದೆ. ಅವರ ಕೈಯಲ್ಲಿ ಮೊಳದುದ್ದದ ರಬ್ಬರ್ ಟ್ಯೂಬು. ಅದರ ಒಂದು ತುದಿ ಅವರ ಕಿವಿಯಲ್ಲಿದೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಯ ಹತ್ತಿರ. ಕಣ್ಣು ಮುಚ್ಚಿಕೊಂಡಿದ್ದಾರೆ. ಹಣೆಯ ಮೇಲೆ ಒಂದು ಗೆರೆ ಮೂಡುತ್ತದೆ, ಮಾಯವಾಗುತ್ತದೆ, ಮತ್ತೆ ಮೂಡುತ್ತದೆ.

ಗಾಡಿಯ ಆ ಬದಿಯಲ್ಲಿ ಅವರ ಗಂಡ, ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ್ದಾರೆ. ಅವರು ನೋಡುತ್ತಿರುವುದು ಎಂಜಿನ್ನನ್ನಲ್ಲ, ಹೆಂಡತಿಯ ಮುಖವನ್ನು. ಆಕೆ ಎಡಗೈಯ ತೋರುಬೆರಳು ಎತ್ತುತ್ತಾರೆ, ಆತ ಎಡಗಡೆಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಆಕೆ ಟ್ಯೂಬನ್ನು ಬಲಕ್ಕೆ ಒಯ್ಯುತ್ತಾರೆ, ಎಡಕ್ಕೆ ತರುತ್ತಾರೆ, ಮತ್ತೆ ಬಲಕ್ಕೆ. ಬೆರಳು ಇನ್ನೊಮ್ಮೆ ಏಳುತ್ತದೆ. ಕೊನೆಗೆ ಮುಷ್ಟಿ ಮುಚ್ಚಿಕೊಳ್ಳುತ್ತದೆ. ಸಾಕು ಎಂದು ಅರ್ಥ.

"ಎಡಗಡೆ ತೆಳು ಬಟ್ಟೆ ಹರಿದ ಹಾಗೆ ಕೇಳ್ತಿತ್ತು, ಬಲಗಡೆ ದಪ್ಪ ಬಟ್ಟೆ ಹರಿದ ಹಾಗೆ. ಈಗ ಎರಡೂ ಒಂದೇ ಥಾನಿನ ಬಟ್ಟೆ," ಎನ್ನುತ್ತಾ ಅವರು ಸೊಂಟ ಹಿಡಿದುಕೊಂಡು ಮೇಲೇಳುತ್ತಾರೆ. ನಲವತ್ತು ವರ್ಷದಿಂದ ಹೊಲಿಗೆ ಮಾಡಿಕೊಂಡು ಬಂದವರು. ಬೀದಿಯವರಿಗೆಲ್ಲ ಅವರು ಟೈಲರಮ್ಮ. ಗಂಡ ಈ ಗ್ಯಾರೇಜಿನ ಮೇಸ್ತ್ರಿ. ಶಟರ್ ಮೇಲಿನ ಬೋರ್ಡು ಹೇಳುವುದು ಮೇಸ್ತ್ರಿಯ ಹೆಸರನ್ನು ಮಾತ್ರ. ಆದರೆ ಹಳೇ ಮೋಟಾರ್‌ಸೈಕಲ್ಲುಗಳ ಉಸಿರು ಸರಿಮಾಡುವ ಈ ಅಂಗಡಿಯಲ್ಲಿ, 'ಇದು ಸರಿಯಾಯ್ತು' ಎಂಬ ಕೊನೆಯ ತೀರ್ಪು ಎಂಟು ವರ್ಷದಿಂದ ಟೈಲರಮ್ಮನದು.

ಇಷ್ಟು ಬೇಗ ಯಾಕೆ ಎಂದು, ಇವರ ಬಗ್ಗೆ ಬರೆಯಲು ಬಂದ ನಾನು ಕೇಳಿದರೆ, ಅವರು ಗದ್ದ ಎತ್ತಿ ಬೀದಿಯ ಆ ಬದಿ ತೋರಿಸುತ್ತಾರೆ. ಅಲ್ಲಿ ಕಿಟಕಿಗೆ ಕಬ್ಬಿಣದ ಸರಳು ಮಾಡುವ ವರ್ಕ್‌ಶಾಪಿದೆ. "ಅವರು ಬಾಗಿಲು ತೆಗೆದು ಒಂದು ಸಲ ಗ್ರೈಂಡರ್ ಹಾಕಿದ್ರೆ ಮುಗೀತು, ನನ್ನ ಕಿವಿಗೆ ರಜ. ಅದಕ್ಕೂ ಮುಂಚೆ ಬಸ್ಸು ಶುರುವಾಗುತ್ತೆ. ಒಟ್ಟು ನನಗೆ ಸಿಗೋದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಒಂದು ಗಾಡಿ. ಎರಡಕ್ಕೆ ಆಸೆ ಪಟ್ರೆ ಎರಡೂ ಕೆಡುತ್ತೆ."

ಕಾರ್ಬುರೇಟರ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಅವರು ಹೇಳುವ ವಿವರಣೆ ಚಿಕ್ಕದು. ಎಂಜಿನ್ನಿಗೆ ಪೆಟ್ರೋಲು ಒಂದೇ ಸಾಲದು, ಗಾಳಿಯೂ ಬೇಕು. ಎರಡನ್ನೂ ಹದವಾಗಿ ಬೆರೆಸಿ ಒಳಗೆ ಕಳಿಸುವುದು ಈ ಮುಷ್ಟಿಗಾತ್ರದ ಡಬ್ಬಿಯ ಕೆಲಸ. ಗಾಳಿ ಮೊದಲು ಸೀಟಿನ ಕೆಳಗಿನ ಫಿಲ್ಟರ್ ಡಬ್ಬಿಯ ಮೂಲಕ ಬರುತ್ತದೆ. ಹಳೇ ಗಾಡಿಗಳಲ್ಲಿ ಆ ಡಬ್ಬಿ ತುಕ್ಕು ಹಿಡಿದು, ಒಡೆದು, ಪುಡಿಯಾಗಿರುತ್ತದೆ. ಹೊಸದು ಎಲ್ಲೂ ಸಿಗುವುದಿಲ್ಲ. ಹಾಗಾಗಿ ಡಬ್ಬಿಯನ್ನೇ ಕಿತ್ತು, ಒಂದೊಂದು ಕಾರ್ಬುರೇಟರಿನ ಬಾಯಿಗೂ ಒಂದೊಂದು ಬಿಡಿ ಫಿಲ್ಟರ್ ಕೂರಿಸುತ್ತಾರೆ. "ಮೂಗು ಹಿಡ್ಕೊಂಡು ಓಡ್ತಿದ್ದವನಿಗೆ ಮೂಗು ಬಿಟ್ಟ ಹಾಗೆ. ಗಾಳಿ ಜಾಸ್ತಿ ಬರುತ್ತೆ. ಪೆಟ್ರೋಲೂ ಅಷ್ಟೇ ಜಾಸ್ತಿ ಕೊಡ್ಬೇಕು. ಕೊಡದೇ ಇದ್ರೆ ಎಂಜಿನ್ ಒಳಗೊಳಗೇ ಕಾಯುತ್ತೆ, ಸುಟ್ಟೂ ಹೋಗುತ್ತೆ." ಕೊನೆಯ ಮಾತಿಗೆ ಅವರ ಧ್ವನಿ ಇಳಿಯುತ್ತದೆ. ಈ ಅಂಗಡಿಯಲ್ಲಿ ಅದು ಬರೀ ಪಾಠದ ಮಾತಲ್ಲ.

ಮೇಸ್ತ್ರಿಗೆ ಈಗ ಅರವತ್ತೆರಡು. ಮೂವತ್ತು ವರ್ಷ ಅವರು ಈ ಕೆಲಸವನ್ನು ಒಬ್ಬರೇ ಮಾಡಿದರು, ಅದೂ ಕಿವಿಯ ಮೇಲೆ. ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ ಯಾವ ಸಿಲಿಂಡರ್ ಮುನಿಸಿಕೊಂಡಿದೆ ಎಂದು ಹೇಳುತ್ತಿದ್ದರಂತೆ. ಮೂವತ್ತು ವರ್ಷ ಎಂಜಿನ್ನಿನ ಪಕ್ಕ ಕೂತರೆ ಕಿವಿ ಸುಮ್ಮನಿರುತ್ತದೆಯೇ? ಮೊದಲು ಹೋದದ್ದು ಸಣ್ಣ ಸದ್ದುಗಳು. ಹಕ್ಕಿ, ಸೀಟಿ, ಗಾಳಿಯ ಸುಯ್ಯೆನ್ನುವ ದನಿ. ಮಾತು ಕೇಳುತ್ತಿತ್ತು, ಹಾರ್ನ್ ಕೇಳುತ್ತಿತ್ತು. ಹಾಗಾಗಿ ಅವರು ಯಾರಿಗೂ ಹೇಳಲಿಲ್ಲ.

"ನನಗೆ ಗೊತ್ತಿತ್ತು," ಎನ್ನುತ್ತಾರೆ ಟೈಲರಮ್ಮ. "ಟೀವಿ ಸದ್ದು ದಿನಕ್ಕಿಷ್ಟು ಏರ್ತಾ ಇತ್ತು. ಏನು ಕೇಳಿದ್ರೂ ಹೂಂ ಹೂಂ ಅಂತ ತಲೆ ಆಡಿಸೋರು. ಒಂದಿನ, ಹಾಲು ಉಕ್ತಾ ಇದೆಯಾ ನೋಡಿ ಅಂದೆ. ಹೂಂ, ಚೆನ್ನಾಗಿದೆ ಅಂದ್ರು! ನಗು ಬಂತು, ನಕ್ಕು ಸುಮ್ಮನಾದೆ. ನಾನು ಅವತ್ತೇ ಕೂರಿಸಿ ಕೇಳ್ಬೇಕಿತ್ತು. ಕೇಳಲಿಲ್ಲ. ಗಂಡಸರ ಮರ್ಯಾದೆ ಅಂತ ಬಿಟ್ಟೆ."

ಅದೇ ವರ್ಷ ಲೈಬ್ರರಿಯವರ ಗಾಡಿ ಬಂತು. ಅವರು ಪಕ್ಕದ ಬೀದಿಯ ಗ್ರಂಥಾಲಯ ನೋಡಿಕೊಳ್ಳುವವರು, ನಲವತ್ತರ ಆಸುಪಾಸಿನವರು. ಗಾಡಿ ಅವರ ತಂದೆಯದು. ಫಿಲ್ಟರ್ ಡಬ್ಬಿ ಮುಟ್ಟಿದರೆ ಉದುರುವಂತಿತ್ತು. ಮೇಸ್ತ್ರಿ ಅದನ್ನು ಕಿತ್ತರು, ಎರಡು ಬಿಡಿ ಫಿಲ್ಟರ್ ಹಾಕಿದರು, ಒಳಗಿನ ಜೆಟ್ಟುಗಳನ್ನು ಬದಲಿಸಿದರು. ಜೆಟ್ಟು ಎಂದರೆ ನಡುವೆ ಸಣ್ಣ ತೂತಿರುವ ಹಿತ್ತಾಳೆಯ ತಿರುಪು; ಪೆಟ್ರೋಲು ಹರಿಯುವುದು ಆ ತೂತಿನಿಂದಲೇ. ಆಮೇಲೆ ಟ್ಯೂಬನ್ನು ಕಿವಿಗಿಟ್ಟು ಎರಡು ಕಾರ್ಬುರೇಟರನ್ನೂ ಸಮ ಮಾಡಿದರು. ಮಾಡಿದೆ ಎಂದುಕೊಂಡರು.

ಒಂಬತ್ತನೆಯ ದಿನ ಲೈಬ್ರರಿಯವರು ಊರಾಚೆಯ ಉದ್ದನೆಯ ಏರುದಾರಿ ಹತ್ತುತ್ತಿದ್ದಾಗ ಎಡಗಡೆಯ ಪಿಸ್ಟನ್ ಕಾದು, ನೆತ್ತಿ ಕರಗಿ, ಎಂಜಿನ್ ಗಕ್ಕನೆ ಹಿಡಿದುಕೊಂಡಿತು. ಹಿಂದಿನ ಚಕ್ರ ನಿಂತೇಹೋಯಿತು. ಅವರು ಬಿದ್ದು ರಸ್ತೆಯ ಅಂಚಿನ ಕಲ್ಲಿಗೆ ಬಡಿದರು. ಹೆಗಲಿನ ಮೂಳೆ ಮುರಿಯಿತು, ಬಲಗಾಲು ಎರಡು ಕಡೆ ಮುರಿಯಿತು.

ಗಾಡಿಯನ್ನು ಲಾರಿಯಲ್ಲಿ ಗ್ಯಾರೇಜಿಗೆ ತಂದಿಳಿಸಿದರು. ಮೇಸ್ತ್ರಿ ಅವತ್ತೇ ಬಿಚ್ಚಿದರು. ಬಿಚ್ಚಿ, ಎಂಜಿನ್ನಿನೊಳಗೆ ಕಿಡಿ ಹಾರಿಸುವ ಎಡಗಡೆಯ ಪ್ಲಗ್ಗನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಹದವಾಗಿ ಉರಿದ ಎಂಜಿನ್ನಿನ ಪ್ಲಗ್ಗು ಬಿಸ್ಕತ್ತಿನ ಬಣ್ಣದಲ್ಲಿರುತ್ತದೆ. ಇದು ಸೀಮೆಸುಣ್ಣದ ಹಾಗೆ ಬೆಳ್ಳಗಿತ್ತು. ಪೆಟ್ರೋಲು ಸಾಲದೆ ಸುಟ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ನನ್ನ ಕಿವಿ ನನಗೆ ಸುಳ್ಳು ಹೇಳ್ತು, ನಾನು ಅವರಿಗೆ ಸುಳ್ಳು ಹೇಳ್ದೆ," ಎಂದು ಮೇಸ್ತ್ರಿ ಇವತ್ತೂ ಅದೇ ಮಾತು ಹೇಳುತ್ತಾರೆ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ. ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ನಿಂತು ತಪ್ಪೊಪ್ಪಿಕೊಂಡರು. ಬಂದು ಶಟರ್ ಎಳೆದರು. ಏಳು ತಿಂಗಳು ಅದನ್ನು ಎತ್ತಲಿಲ್ಲ.

ಆ ಏಳು ತಿಂಗಳು ಮನೆ ನಡೆದದ್ದು ಹೊಲಿಗೆ ಮಷೀನಿನ ಮೇಲೆ. ಗ್ಯಾರೇಜಿನ ಹಿಂದೆಯೇ ಮನೆ, ನಡುವೆ ಒಂದು ಬಾಗಿಲು. ಮುಂಗೋಣೆಯ ಕಿಟಕಿಯ ಪಕ್ಕ ಟೈಲರಮ್ಮನ ಮಷೀನು, ಎದುರುಗೋಡೆಗೆ ಒರಗಿಕೊಂಡು ಮೇಸ್ತ್ರಿ. ನರ್ಸ್ ಆಗಿರುವ ಮಗಳು ರಜೆಗೆ ಬಂದವಳು ಅಪ್ಪನನ್ನು ಎಳೆದುಕೊಂಡು ಹೋಗಿ ಕಿವಿಗೆ ಮಷೀನು ಹಾಕಿಸಿದಳು. ಮಾತು ಚೆನ್ನಾಗಿ ಕೇಳಿತು. ಗಾಡಿಯ ಹತ್ತಿರ ಹೋದರೆ ಮಾತ್ರ ಆ ಮಷೀನೇ ಸುಯ್ಯೆನ್ನುತ್ತಿತ್ತು. ಯಾವುದು ಕಾರ್ಬುರೇಟರಿನ ಸದ್ದು, ಯಾವುದು ಕಿವಿಯ ಮಷೀನಿನ ಸದ್ದು ಎಂದು ಬೇರ್ಪಡಿಸಲಾಗದೆ ಮೇಸ್ತ್ರಿ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಎಂಟನೆಯ ತಿಂಗಳ ಒಂದು ಮಧ್ಯಾಹ್ನ ಲೈಬ್ರರಿಯವರು ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತರು. ಅವತ್ತು ನಡೆದ ಮಾತನ್ನು ಟೈಲರಮ್ಮ ಅಕ್ಷರಕ್ಷರ ಒಪ್ಪಿಸುತ್ತಾರೆ.

"ಮೇಸ್ತ್ರಿ, ನನ್ನ ಗಾಡಿ ರೆಡಿ ಮಾಡಿ."

"ಬೇರೆ ಕಡೆ ತೋರಿಸಿ ಸಾರ್. ನನ್ನ ಕೈಲಾಗಲ್ಲ."

"ಬಿಚ್ಚಿದವರು ನೀವು, ಮುಚ್ಚೋಕೆ ಬೇರೆಯವರ ಹತ್ರ ಹೋಗ್ಬೇಕಾ?"

"ನನಗೆ ಕಿವಿ ಇಲ್ಲ ಸಾರ್."

"ಕೈ ಇದೆಯಲ್ಲ? ಕಿವಿ ಯಾರದ್ದಾದ್ರೂ ಇಸ್ಕೊಳ್ಳಿ."

ಮಷೀನಿನ ಮುಂದೆ ಕೂತಿದ್ದ ಟೈಲರಮ್ಮ ಹಲ್ಲಿನಿಂದ ದಾರ ಕಡಿದು, ತಲೆ ಎತ್ತದೆಯೇ ಅಂದರಂತೆ: "ರೀ, ನನ್ನ ಹತ್ರ ಎರಡಿವೆ. ಒಂದು ತಗೊಳ್ಳಿ."

ತಮಾಷೆಗೆ ಆಡಿದ ಮಾತು ಮರುದಿನ ಬೆಳಿಗ್ಗೆ ಕೆಲಸವಾಯಿತು. ಗ್ಯಾರೇಜಿನ ಮೂಲೆಯಲ್ಲಿದ್ದ ಇನ್ನೊಂದು ಎರಡು ಸಿಲಿಂಡರಿನ ಗಾಡಿಯ ಮೇಲೆ ಪಾಠ ಶುರುವಾಯಿತು. ಮೊದಲ ವಾರ ಅವರಿಗೆ ಕೇಳಿಸಿದ್ದು ಬರೀ ಗದ್ದಲ. ಟ್ಯೂಬಿನೊಳಗೆ ಬಿರುಗಾಳಿ ಹೊಕ್ಕ ಹಾಗೆ. ಪೆಟ್ರೋಲಿನ ವಾಸನೆಗೆ ತಲೆ ಸಿಡಿಯುತ್ತಿತ್ತು. ಮೇಸ್ತ್ರಿ ಬೇಕೆಂದೇ ತಿರುಪನ್ನು ಕೆಡಿಸಿ, ಯಾವ ಕಡೆ ಕೆಟ್ಟಿದೆ ಹೇಳು ಎನ್ನುತ್ತಿದ್ದರು. ತಪ್ಪು ಹೇಳಿದರೆ ಇನ್ನೊಂದು ಸಲ. ದಿನಕ್ಕೆ ಇಪ್ಪತ್ತು ಸಲ, ಮೂವತ್ತು ಸಲ. "ನನ್ನ ಮಗಳಿಗೆ ಮಗ್ಗಿ ಹೇಳಿಸುವಾಗ ನಾನು ಎಷ್ಟು ಕಿವಿ ಹಿಂಡಿದ್ದೆನೋ, ಅದನ್ನೆಲ್ಲ ಇವರು ವಸೂಲಿ ಮಾಡಿದ್ರು," ಎಂದು ನಗುತ್ತಾರೆ.

ದಾರಿ ಸಿಕ್ಕಿದ್ದು ಅವರದೇ ಕಸುಬಿನಿಂದ. ಅಷ್ಟು ಹೊತ್ತಿಗೆ ಮೂವತ್ತು ವರ್ಷಕ್ಕೂ ಮೇಲೆ ಬಟ್ಟೆ ಹರಿದವರಿಗೆ ಯಾವ ಬಟ್ಟೆ ಯಾವ ಸದ್ದಿನಲ್ಲಿ ಹರಿಯುತ್ತದೆ ಎಂಬುದು ನಿದ್ದೆಯಲ್ಲೂ ಗೊತ್ತು. ಒಂದು ಬೆಳಿಗ್ಗೆ ಆ ಗದ್ದಲದೊಳಗೆ ಬಟ್ಟೆ ಹರಿಯುವ ಸದ್ದು ಕೇಳಿಸಿತು. ಅಲ್ಲಿಂದ ಮುಂದೆ ಸಲೀಸು. ಕಾರ್ಬುರೇಟರಿನೊಳಗೂ ಒಂದು ಸೂಜಿ ಇದೆ ಎಂದು ಗೊತ್ತಾದಾಗ ಅವರಿಗೆ ತವರಿನವರು ಸಿಕ್ಕಷ್ಟು ಖುಷಿ. ಆ ಸೂಜಿಯ ತಲೆಯ ಹತ್ತಿರ ಐದು ಗೀರುಗಳಿರುತ್ತವೆ. ಗೀರಿಗೆ ಸಿಕ್ಕಿಕೊಂಡು ಸೂಜಿಯನ್ನು ಹಿಡಿದಿಡುವ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲು ಹೆಚ್ಚು ಹರಿಯುತ್ತದೆ. "ಅಷ್ಟೇನಾ? ಸೊಂಟದ ಹುಕ್ಕು ಒಂದು ಮನೆ ಸಡಿಲ ಮಾಡೋದು ಅನ್ನಿ!" ಎಂದರಂತೆ. ಅಷ್ಟು ವರ್ಷದಲ್ಲಿ ಇಷ್ಟು ಸರಿಯಾಗಿ ಯಾರಿಗೂ ಅರ್ಥಮಾಡಿಸಲು ತನ್ನಿಂದ ಆಗಿರಲಿಲ್ಲ ಎನ್ನುವುದು ಮೇಸ್ತ್ರಿಯ ಮಾತು.

ನಾಲ್ಕು ತಿಂಗಳಾದ ಮೇಲೆ ಲೈಬ್ರರಿಯವರ ಗಾಡಿ ಹೊಸ ಪಿಸ್ಟನ್ನಿನೊಂದಿಗೆ ಎದ್ದು ನಿಂತಿತು. ಟೈಲರಮ್ಮ ಎರಡೂ ಕಡೆ ಕೇಳಿ ಮುಷ್ಟಿ ಮುಚ್ಚಿದರು. ಇನ್ನು ಅದೇ ಏರುದಾರಿಯಲ್ಲಿ ಓಡಿಸಿ ನೋಡಬೇಕು. ಲೈಬ್ರರಿಯವರು ಕುಂಟುತ್ತಲೇ ಹತ್ತಿ ಕೂತರು. ಹಿಂದಿನ ಸೀಟಿಗೆ ಮೇಸ್ತ್ರಿ ಕಾಲು ಎತ್ತುವಷ್ಟರಲ್ಲಿ ಟೈಲರಮ್ಮ ತಡೆದರು. "ಸರಿಯಾಗಿದೆ ಅಂದಿದ್ದು ನಾನು. ನಾನೇ ಕೂರ್ತೀನಿ. ಬಿದ್ರೆ ಇಬ್ಬರೂ ಬೀಳ್ತೀವಿ."

ಮದುವೆಯಾದ ಮೇಲೆ ಅವರು ಮೋಟಾರ್‌ಸೈಕಲ್ಲಿನ ಮೇಲೆ ಅಷ್ಟು ದೂರ ಹೋದದ್ದು ಅದೇ ಮೊದಲು. ಹೆಲ್ಮೆಟ್ಟಿನೊಳಗೆ ಕಿವಿ ಮುಚ್ಚಿಹೋಗಿತ್ತು. "ಬೆನ್ನುಮೂಳೆಯಲ್ಲಿ ಕೇಳಿಸ್ಕೊಂಡೆ," ಎನ್ನುತ್ತಾರೆ. ಏರಿನ ಅರ್ಧಕ್ಕೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕೈಗೆ ಬಟ್ಟೆ ಸುತ್ತಿಕೊಂಡು ಪ್ಲಗ್ ಬಿಚ್ಚಿ ನೋಡಿದರು. ಬಲಗಡೆಯದು ಬಿಸ್ಕತ್ತಿನ ಬಣ್ಣ. ಎಡಗಡೆಯದು ಬೆಳ್ಳಗೆ. ಲೈಬ್ರರಿಯವರ ಮುಖ ಬಿಳಿಚಿಕೊಂಡಿತು. ಇಬ್ಬರೂ ಗಾಡಿ ತಿರುಗಿಸಿಕೊಂಡು, ಇಳಿಜಾರಿನಲ್ಲಿ ಮೆಲ್ಲಗೆ ವಾಪಸ್ಸಾದರು.

ಅಂಗಡಿಗೆ ಬಂದ ಮೇಲೂ ಎಂಜಿನ್ ಆರಿಸಲು ಟೈಲರಮ್ಮ ಬಿಡಲಿಲ್ಲ. ಕಾದ ಎಂಜಿನ್ನಿನ ಪಕ್ಕ ಮಂಡಿಯೂರಿ ಟ್ಯೂಬು ಹಿಡಿದರು. ಕಾರ್ಬುರೇಟರಿನ ಬಾಯಿಯಲ್ಲಿ ಸದ್ದು ಸರಿಯಾಗಿಯೇ ಇತ್ತು. ಟ್ಯೂಬಿನ ತುದಿಯನ್ನು ಹಾಗೇ ಕೆಳಗೆ, ಹಿಂದೆ, ಪಕ್ಕಕ್ಕೆ ಒಯ್ಯುತ್ತಾ ಹೋದರು. ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರಿನ ಕೊಳವೆಯ ಕೆಳಬದಿಗೆ ಬಂದಾಗ ಸೂಜಿಯಷ್ಟು ಸಪೂರದ ಒಂದು ಸದ್ದು ಕೇಳಿಸಿತು. ಸೀ... ಎಂದು ಅಲ್ಲಿ ಗಾಳಿ ಒಳಗೆ ನುಸುಳುತ್ತಿತ್ತು.

ಓಡಿಹೋಗಿ ಹೊಲಿಗೆ ಮಷೀನಿನ ಎಣ್ಣೆ ತಂದು ಆ ಜಾಗಕ್ಕೆ ನಾಲ್ಕು ಹನಿ ಬಿಟ್ಟರು. ಸದ್ದು ನಿಂತಿತು. ತಡವರಿಸುತ್ತಿದ್ದ ಎಂಜಿನ್ ಮೆತ್ತಗಾಯಿತು. ಕೊಳವೆ ಬಿಚ್ಚಿ ಬಗ್ಗಿಸಿ ನೋಡಿದರೆ ಒಂದು ಬಿರುಕು. ತಣ್ಣಗಿರುವಾಗ ಮುಚ್ಚಿಕೊಂಡಿರುತ್ತದೆ, ಕಾದಾಗ ಬಾಯಿ ಬಿಡುತ್ತದೆ. ಗಾಡಿ ಬಿದ್ದ ದಿನವೂ ಇದ್ದದ್ದು ಇದೇ ಕೊಳವೆ. ಹೆಚ್ಚಾದ ಗಾಳಿಗೆ ಜೆಟ್ಟು ಸಾಲದಿದ್ದದ್ದು ಒಂದು, ಈ ಬಿರುಕು ಇನ್ನೊಂದು. ಎರಡೂ ಸೇರಿ ಪಿಸ್ಟನ್ ಸುಟ್ಟಿದ್ದವು.

ನೋಡಿ, ನಿಮ್ಮದೊಬ್ಬರದೇ ತಪ್ಪಲ್ಲ ಎಂದು ಲೈಬ್ರರಿಯವರು ಸಮಾಧಾನ ಹೇಳಿದರು. ಮೇಸ್ತ್ರಿ ಒಪ್ಪಲಿಲ್ಲ. ಇವತ್ತೂ ಒಪ್ಪುವುದಿಲ್ಲ. "ಆ ಸದ್ದು ಅವತ್ತೂ ಇತ್ತು. ಕೇಳೋದು ನನ್ನ ಕೆಲಸವಾಗಿತ್ತು."

ಹೊಸ ಕೊಳವೆ ಬಂತು. ಜೆಟ್ಟುಗಳನ್ನು ಇನ್ನೊಂದು ಸೈಜು ದೊಡ್ಡದು ಮಾಡಿದರು. ಎರಡನೆಯ ಸಲ ಏರು ಹತ್ತಲು ಹೊರಟಾಗ ಟೈಲರಮ್ಮ ಫೋನ್ ಮಾಡುತ್ತೇನೆ ಎಂದು ಹೇಳುವ ಹಾಗೂ ಇರಲಿಲ್ಲ. ಕಿವಿಯ ಮಷೀನು ಜೇಬಿನಲ್ಲಿ, ಮಾಡಿದರೆ ಮೇಸ್ತ್ರಿಗೆ ಫೋನಿನ ಮಾತು ಕೇಳಬೇಕಲ್ಲ! ಅವರು ಬೀದಿಗೆ ಬಂದು ನಿಂತವರು, ಗಾಡಿ ತಿರುವಿನಲ್ಲಿ ಕಾಣುವವರೆಗೆ ನಿಂತೇ ಇದ್ದರು. ಎರಡು ಗಂಟೆ. ಸರಳಿನ ವರ್ಕ್‌ಶಾಪಿನವರು ಸ್ಟೂಲು ತಂದಿಟ್ಟರೂ ಕೂರಲಿಲ್ಲ. ಟೈಲರಮ್ಮ ಇಳಿದು, ಸೆರಗಿನಲ್ಲಿ ಸುತ್ತಿದ್ದ ಎರಡು ಪ್ಲಗ್ಗುಗಳನ್ನು ಅವರ ಅಂಗೈಗೆ ಹಾಕಿದರು. ಏರಿನ ತುದಿಯಲ್ಲಿ ಬಿಚ್ಚಿ, ಬೇರೆ ಹಾಕಿಕೊಂಡು ಬಂದಿದ್ದ ಪ್ಲಗ್ಗುಗಳವು. ಎರಡೂ ಅಚ್ಚ ಬಿಸ್ಕತ್ತಿನ ಬಣ್ಣ.

ಮೇಸ್ತ್ರಿ ಅತ್ತುಬಿಟ್ಟರಾ ಎಂದು ಕೇಳಿದೆ.

"ಇಲ್ಲ," ಎಂದರು ಟೈಲರಮ್ಮ. ಸ್ವಲ್ಪ ತಡೆದು, "ಇಲ್ಲ ಅಂತಲೇ ಬರೀರಿ," ಎಂದರು.

ಅಲ್ಲಿಂದ ಎಂಟು ವರ್ಷ. ವಾರಕ್ಕೆ ಐದು ಗಾಡಿ, ಮಳೆಗಾಲದಲ್ಲಿ ಮೂರು. ಅವರ ಗುಂಡಿಗಳ ಡಬ್ಬಿ ಈಗ ಎರಡು ಸಂಸಾರ ಹೂಡಿದೆ. ಮೇಲಿನ ತಟ್ಟೆಯಲ್ಲಿ ಅಂಗಿಗುಂಡಿಗಳು, ಕೆಳಗಿನ ತಟ್ಟೆಯ ಇಪ್ಪತ್ನಾಲ್ಕು ಮನೆಗಳಲ್ಲಿ ನಂಬರಿನ ಪ್ರಕಾರ ಜೆಟ್ಟುಗಳು. ತೂತಿನೊಳಗೆ ಕಸ ಕೂತರೆ ತಂತಿ ಹಾಕಲು ಬಿಡುವುದಿಲ್ಲ. ತೂತು ಒಂದು ಎಳೆ ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಪೆಟ್ರೋಲಿನಲ್ಲಿ ನೆನೆಸಿ, ಗಾಳಿ ಊದಿ, ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ದಾರ ಪೋಣಿಸುವವರ ಹಾಗೆಯೇ. ಮಗಳು ತಂದುಕೊಟ್ಟ ಎರಡು ಮುಳ್ಳಿನ ಮೀಟರೂ ಇದೆ. ಎರಡು ಕಾರ್ಬುರೇಟರು ಸಮ ಎಳೆಯುತ್ತಿವೆಯೇ ಎಂದು ಅದು ತೋರಿಸುತ್ತದೆ. ಅದನ್ನೂ ಹಾಕಿ ನೋಡುತ್ತಾರೆ, ಹಠವಿಲ್ಲ. "ಮೀಟರ್ ಸಮ ಇದೆಯಾ ಇಲ್ವಾ ಅನ್ನುತ್ತೆ. ಎಲ್ಲಿ ಹರಿದಿದೆ ಅನ್ನಲ್ಲ."

ಹೊತ್ತೇರುತ್ತಿದ್ದ ಹಾಗೆ ಅವರು ಮೂರು ಸಲ ಸೋಪು ಹಾಕಿ ಕೈ ತೊಳೆದು ಹೊಲಿಗೆಗೆ ಕೂರುತ್ತಾರೆ. ಮೂರು ಸಲ ಯಾಕೆಂದರೆ, ಹಿಂದೊಮ್ಮೆ ಒಬ್ಬರು ಹೊಸ ಬಿಳಿ ಅಂಗಿಯನ್ನು ಮೂಗು ಮುಚ್ಚಿಕೊಂಡು ವಾಪಸ್ ತಂದಿದ್ದರು. "ಇದನ್ನ ಹಾಕ್ಕೊಂಡು ಒಲೆ ಹತ್ರ ಹೋಗ್ಬಹುದಾ?" ಎಂದು ಕೇಳಿದರಂತೆ. ಮಂಡಿ ನೋಯುತ್ತದೆ, ಸೊಂಟ ಮಾತು ಕೇಳುವುದಿಲ್ಲ. ಅದಕ್ಕಿಂತ ಹೆಚ್ಚು ನೋಯುವುದು ಬಂದವರು ಬಾಗಿಲಲ್ಲೇ ನಿಂತು "ಯಾರೂ ಇಲ್ವಾ?" ಎಂದು ಕೇಳಿದಾಗ. ಗಾಡಿಯ ಪಕ್ಕದಲ್ಲೇ ಅವರು ಕೂತಿರುತ್ತಾರೆ. ಒಬ್ಬರಂತೂ, ಹೆಂಗಸು ಕಿವಿ ಇಟ್ಟು ಕೇಳಿದರೆ ಗಾಡಿ ಸರಿಹೋಗುತ್ತದಾ ಎಂದು ಮೇಸ್ತ್ರಿಯನ್ನು ಕೇಳಿದ್ದರು. ಉತ್ತರ ಕೆಳಗಿನಿಂದ ಬಂದಿತ್ತು: "ಸುಮ್ನಿರಿ, ನಾನು ಹೆಂಗಸು ಅಂತ ಗಾಡಿಗೆ ಇನ್ನೂ ಗೊತ್ತಾಗಿಲ್ಲ."

ಲೈಬ್ರರಿಯವರು ವರ್ಷಕ್ಕೆರಡು ಸಲ ಗಾಡಿ ತರುತ್ತಾರೆ. ನಾನು ಹೋದ ದಿನ ಸಿಕ್ಕಿದ್ದರು. ಕಾಲು ಇನ್ನೂ ಸ್ವಲ್ಪ ಎಳೆಯುತ್ತದೆ. "ಇಡೀ ದಿನ ಜನಕ್ಕೆ ಸದ್ದು ಮಾಡಬೇಡಿ ಅನ್ನೋನು ನಾನು," ಎಂದರು. "ಸದ್ದನ್ನ ಇಷ್ಟು ಮರ್ಯಾದೆಯಿಂದ ಕೇಳೋರನ್ನ ನೋಡಿದ್ದು ಇವರೊಬ್ಬರನ್ನೇ. ಇವರು ಮುಷ್ಟಿ ಮುಚ್ಚಿದ ಮೇಲೆ ನಾನು ಕಣ್ಣು ಮುಚ್ಚಿ ಹತ್ತಿ ಕೂರ್ತೀನಿ."

"ಕಣ್ಣು ತೆರೆದೇ ಓಡಿಸಿ ಮಾರಾಯ್ರೆ," ಎಂದರು ಟೈಲರಮ್ಮ.

ಹೊರಡುವ ಮುಂಚೆ, ಮುಂದೆ ಏನು ಆಸೆ ಎಂದು ಕೇಳಿದೆ. ಅವರು ಖಾಲಿಯಾದ ಟೀ ಲೋಟ ಕೆಳಗಿಟ್ಟು, ಎದ್ದು ಹೋಗಿ ಕಪಾಟಿನಿಂದ ಒಂದು ಕಾಗದ ತಂದರು. ಪ್ರತಿ ವರ್ಷ ಮಗಳು ಅವರ ಕಿವಿಯನ್ನೂ ಪರೀಕ್ಷೆ ಮಾಡಿಸುತ್ತಾಳೆ. ಏಳು ವರ್ಷ ಕಾಗದದ ಮೇಲಿನ ಗೆರೆ ನೆಟ್ಟಗಿತ್ತು. ಈ ವರ್ಷದ್ದು ಬಲತುದಿಯಲ್ಲಿ ಚೂರು ಕೆಳಗೆ ಬಾಗಿದೆ. ಸಣ್ಣ ಸದ್ದುಗಳಿರುವುದು ಆ ತುದಿಯಲ್ಲೇ. ಗ್ಯಾರೇಜಿನಲ್ಲಿ ಇನ್ನು ಕಿವಿಗೆ ಹತ್ತಿಯ ಬಿರಡೆ ಹಾಕಿಕೊಳ್ಳಿ, ಕೇಳುವಾಗ ಮಾತ್ರ ತೆಗೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಅವರು ಹಾಗೇ ಮಾಡುತ್ತಿದ್ದಾರೆ. ಮೇಸ್ತ್ರಿಗೂ ಕಾಗದ ತೋರಿಸಿದ್ದಾರೆ, ಬಂದ ದಿನವೇ. ಲೈಬ್ರರಿಯವರಿಗೂ ಹೇಳಿದ್ದಾರೆ. ಗಾಡಿ ತರುವ ಪ್ರತಿಯೊಬ್ಬರಿಗೂ ಹೇಳುತ್ತಾರೆ.

"ಮುಚ್ಚಿಡೋ ವಿಷಯ ಅಲ್ಲ ಅದು," ಎಂದು ಕಾಗದವನ್ನು ಮಡಿಸುತ್ತಾರೆ. ಮಡಿಕೆ ಬಟ್ಟೆಯ ಮಡಿಕೆಯಷ್ಟೇ ನೀಟು. "ಇನ್ನೊಂದು ಐದು ವರ್ಷ ಕೇಳಿದ್ರೆ ಸಾಕು ನನಗೆ. ಅಷ್ಟರಲ್ಲಿ ಈ ಹಳೇ ಗಾಡಿಗಳಿಗೂ ಸುಸ್ತಾಗಿರುತ್ತೆ, ಇವರಿಗೂ ಸುಸ್ತು, ನನಗೂ ಸುಸ್ತು. ಎಲ್ಲರೂ ಒಟ್ಟಿಗೆ ಸುಮ್ನೆ ಕೂತ್ಕೋತೀವಿ. ಆದ್ರೆ ಅಲ್ಲೀವರೆಗೆ, ಕೇಳಿಸದೇ ಇರೋದನ್ನ ಕೇಳಿಸ್ತು ಅಂತ ನಾನು ಒಂದು ದಿನವೂ ಹೇಳಲ್ಲ."